ತರಿಯನ್ ಹಿಡಿಯ ಉಪ್ಪು

ದೋಹಾದ ನಜ್ಮಾ ಬಡಾವಣೆಯಲ್ಲಿ, ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಒಂದೇ ಬಾಗಿಲೊಳಗೆ ಎರಡು ಸಂಸಾರ. ಎಡಗಡೆಯ ಕೋಣೆ ಕೋಟ್ಟಯಂ ಕಡೆಯ ಸೋಸಮ್ಮನದು. ಬಲಗಡೆಯದು ಹೈದರಾಬಾದಿನ ಗೌಸ್ ಭಾಯ್ ಮತ್ತು ಅವರ ಹೆಂಡತಿ ಬಿಲ್ಕೀಸಳದು. ನಡುವೆ ಅಡಿಗೆಮನೆ, ಅದು ಇಬ್ಬರದೂ. ಹದಿನಾರು ವರ್ಷದ ಹಿಂದೆ, ಮನೆ ಹಂಚಿಕೊಂಡ ಹೊಸದರಲ್ಲಿ, ಕಪಾಟಿನ ನಟ್ಟನಡುವೆ ಕೆಂಪು ಟೇಪು ಅಂಟಿಸಿದ್ದರು. ಈ ಕಡೆ ತೆಂಗಿನೆಣ್ಣೆ, ಆ ಕಡೆ ತುಪ್ಪ. ಮೊದಲ ಬೇಸಿಗೆಯ ಸೆಕೆಗೇ ಟೇಪು ಬಿಟ್ಟುಬಂತು. ಮತ್ತೆ ಯಾರೂ ಅಂಟಿಸಲಿಲ್ಲ. ಈಗ ಯಾರ ಡಬ್ಬಿಯಲ್ಲಿ ಯಾರ ಮೆಣಸಿನಪುಡಿ ಇದೆಯೆಂದು ಇಬ್ಬರಿಗೂ ತಿಳಿಯದು. ಸೋಸಮ್ಮ ಆ ಒಲೆಯ ಮೇಲೆ ಹಂದಿಮಾಂಸ ಇಡಲಿಲ್ಲ. ಬಿಲ್ಕೀಸ್ ಸೋಸಮ್ಮನ ನೋಂಬಿನ ಉಪವಾಸದ ದಿನಗಳಲ್ಲಿ ಮೀನು ಹುರಿಯುವ ಮೊದಲು ಅವಳ ಕೋಣೆಯ ಬಾಗಿಲು ಮುಚ್ಚಿ ಬರುತ್ತಿದ್ದಳು. ಹೀಗೆ ಮಾಡಬೇಕೆಂದು ಯಾರೂ ಯಾರಿಗೂ ಹೇಳಿದ್ದಲ್ಲ.

ಮಕ್ಕಳು ಎರಡು ಮನೆಯಿಂದಲೂ ರೆಕ್ಕೆ ಬಲಿತು ಹಾರಿಹೋಗಿದ್ದರು. ಸೋಸಮ್ಮ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಅರವತ್ತು ದಾಟಿದರೂ ಅಲ್ಲಿಯವರು ಅವಳನ್ನು ಬಿಟ್ಟಿರಲಿಲ್ಲ. ಅವಳ ಗಂಡ ತರಿಯನ್ ಹಡಗು ರಿಪೇರಿಯ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದ. ದೊಡ್ಡ ಮೈ, ದೊಡ್ಡ ಮೀಸೆ, ದೊಡ್ಡ ನಗು. ಹೋದ ನವೆಂಬರಿನಲ್ಲಿ ಒಂದು ಸಂಜೆ, ಕೆಳಗಿನ ಅಂಗಡಿಯಿಂದ ಕುಬ್ಬೂಸ್ ರೊಟ್ಟಿ ತರುತ್ತೇನೆಂದು ಇಳಿದವನು ಕೊನೆಯ ಮೆಟ್ಟಿಲ ಮೇಲೆ ಕೂತ. ಕೂತವನು ಏಳಲಿಲ್ಲ. ಸೋಸಮ್ಮ ಅವನನ್ನು ಊರಿಗೆ ಕೊಂಡೊಯ್ದು, ಇಗರ್ಜಿಯ ಮಣ್ಣಿನಲ್ಲಿ ಮಲಗಿಸಿ, ನಲವತ್ತೊಂದನೆಯ ದಿನದ ಪ್ರಾರ್ಥನೆ ಮುಗಿಸಿ ಮರಳಿ ಬಂದಳು. ಅಂದಿನಿಂದ ಆ ಕೊನೆಯ ಮೆಟ್ಟಿಲನ್ನು ಅವಳು ತುಳಿಯಲಿಲ್ಲ. ದಾಟಿ ಇಳಿಯುತ್ತಿದ್ದಳು, ದಾಟಿ ಹತ್ತುತ್ತಿದ್ದಳು.

ದುಃಖವನ್ನು ಅವಳು ಹೊತ್ತುಕೊಂಡಳು. ಕೊಟ್ಟವನೇ ಕರೆದುಕೊಂಡ ಎಂದು ಹೇಳಿಕೊಳ್ಳುವಷ್ಟು ನಂಬಿಕೆ ಅವಳಲ್ಲಿತ್ತು. ಹೊರಲಾಗದೆ ಇದ್ದದ್ದು ಬೇರೊಂದು.

ಬಿಲ್ಕೀಸಳ ಮನೆಯಲ್ಲಿ ಪ್ರತಿ ರಂಜಾನಿನಲ್ಲೂ ಒಂದು ಶುಕ್ರವಾರ ಹಲೀಮ್ ಆಗುತ್ತದೆ, ಗೋಧಿ, ಬೇಳೆ, ಕುರಿಮಾಂಸ ಬೇಯಿಸಿ ಅರೆದ ಗಟ್ಟಿ ಗಂಜಿ. ದೊಡ್ಡ ಪಾತ್ರೆ. ಕಟ್ಟಡದ ಮನೆಮನೆಗೂ ಒಂದೊಂದು ಬಟ್ಟಲು. ಉಳಿದದ್ದೆಲ್ಲ, ಅಂದರೆ ಮುಕ್ಕಾಲು ಪಾತ್ರೆ, ಸನಯ್ಯಾ ಕೈಗಾರಿಕಾ ಪ್ರದೇಶದ ಕೆಲಸಗಾರರ ಬಿಡಾರಕ್ಕೆ. ಹಗಲೆಲ್ಲ ರೋಜಾ ಉಪವಾಸ ಹಿಡಿದವಳು ರುಚಿ ನೋಡುವಂತಿಲ್ಲ. ಅದಕ್ಕೆ ಮೊದಲಿನಿಂದಲೂ ಉಪ್ಪು ನೋಡುವ ಅಧಿಕಾರ ತರಿಯನ್‌ನದು. ಚಮಚದಲ್ಲಿ ನೋಡಿದರೆ ಅವನಿಗೆ ಉಪ್ಪು ತಿಳಿಯುತ್ತಿರಲಿಲ್ಲ, ಬಟ್ಟಲೇ ಬೇಕಾಗುತ್ತಿತ್ತು. ಮೊದಲೆಲ್ಲ ಅದು ಬರಿಯ ತಮಾಷೆ. ಆದರೆ ರಂಜಾನು ವರ್ಷವರ್ಷವೂ ಹಿಂದೆ ಸರಿಯುತ್ತ ಬಂದು, ಈಚೆಗೆ ಸೋಸಮ್ಮನವರ ಐವತ್ತು ದಿನದ ದೊಡ್ಡ ನೋಂಬಿನ ಒಳಕ್ಕೇ ಕಾಲಿಟ್ಟಿತು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟಬಾರದ ದಿನಗಳು. ಆ ಎರಡು ವರ್ಷವೂ ಹಲೀಮಿನ ಶುಕ್ರವಾರ ಸೋಸಮ್ಮ ಇಗರ್ಜಿಯಿಂದ ಮನೆಗೆ ಬಂದು ನೋಡಿದರೆ, ತರಿಯನ್ ಒಲೆಯ ಪಕ್ಕದಲ್ಲಿ ಖಾಲಿ ಬಟ್ಟಲು ಮುಂದಿಟ್ಟುಕೊಂಡು ತುಪ್ಪ ಹತ್ತಿದ ಮೀಸೆ ಒರೆಸಿಕೊಳ್ಳುತ್ತಿದ್ದ.

"ಮುಖ ನೋಡು ಮುಖ! ಕದ್ದು ಹಾಲು ಕುಡಿದ ಬೆಕ್ಕು!"

"ಉಪ್ಪು ನೋಡ್ದೆ ಕಣೇ. ಅಷ್ಟು ಜನ ಉಣ್ಣೋ ಪಾತ್ರೆ."

"ನೋಂಬು?"

"ನೋಂಬು ಹೊಟ್ಟೆಗೆ, ನಾಲಿಗೆಗಲ್ಲ."

"ಕುಂಬಸಾರದಲ್ಲಿ ತಪ್ಪೊಪ್ಪಿಕೊಳ್ಳೋವಾಗ ಪಾದ್ರಿ ಅಚ್ಚನ್ ಮುಂದೂ ಹೀಗೇ ಹೇಳ್ತೀರಾ?"

"ಹೇಳೋಣ ಬಿಡು. ಒಂದೊಂದಕ್ಕೂ ಪಾಪ ಅವರಿಗೇಕೆ ತೊಂದರೆ, ಒಟ್ಟಿಗೆ ಸೇರಿಸಿ ಹೇಳ್ತೀನಿ."

ಹೇಳುವ ಮೊದಲೇ ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಪಾದ್ರಿಯ ಮುಂದೆ ಒಪ್ಪಿಕೊಳ್ಳದ ಎರಡು ನೋಂಬು ಅವನ ತಲೆಯ ಮೇಲೆಯೇ ಉಳಿದವು ಎಂಬುದು ಸೋಸಮ್ಮನ ಅಂಜಿಕೆ. ಆದ್ದರಿಂದ ಈ ವರ್ಷದ ನೋಂಬನ್ನು ಅವಳು ಕಠಿಣವಾಗಿ ಹಿಡಿದಳು. ಗಂಜಿ, ಹೆಸರುಕಾಳು, ಹಾಲಿಲ್ಲದ ಚಹಾ. ಸಂಜೆಯ ಪ್ರಾರ್ಥನೆಯ ಕೊನೆಗೆ ತನ್ನದೇ ಒಂದು ಸಾಲು ಸೇರಿಸಿದಳು: "ಕರ್ತನೇ, ಅವರು ಮುರಿದ ಎರಡನ್ನೂ ನನ್ನ ಈ ಒಂದರಲ್ಲಿ ಸೇರಿಸಿಕೊಂಡುಬಿಡು." ಆ ಒಂದಕ್ಕೆ ಎಳ್ಳಷ್ಟೂ ಊನ ಬರಬಾರದು. ಬಂದರೆ ಮೂರೂ ಹೋದಂತೆ. ಈ ಮಾತನ್ನು ಅವಳು ಬಿಲ್ಕೀಸಳಿಗೂ ಹೇಳಿರಲಿಲ್ಲ. ಹೇಳಿದರೆ, ನಿನ್ನ ಪಾತ್ರೆಯಿಂದಲೇ ನನ್ನ ಗಂಡ ಕೆಟ್ಟ ಎಂದಂತಾಗುತ್ತದಲ್ಲ.

ಈ ರಂಜಾನಿನ ಹಲೀಮಿನ ಶುಕ್ರವಾರವೂ ಬಂತು. ಇಗರ್ಜಿಯಲ್ಲಿ ಕುರ್ಬಾನದ ಪೂಜೆ, ನೋಂಬಿನ ಪ್ರಾರ್ಥನೆ ಎಲ್ಲ ಮುಗಿಸಿ ಸೋಸಮ್ಮ ಮಧ್ಯಾಹ್ನ ಬಸ್ಸಿಳಿದು ಮನೆಗೆ ಬಂದಾಗ ಅಡಿಗೆಮನೆಯಲ್ಲಿ ಪಾತ್ರೆ ಕುದಿಯುತ್ತಿತ್ತು. ಬಿಲ್ಕೀಸ್ ನೆಲದ ಮೇಲೆ ಕಪಾಟಿಗೆ ಒರಗಿ ಕೂತಿದ್ದಳು. ಕೈಯಲ್ಲಿ ಹಲೀಮ್ ಅರೆಯುವ ಮರದ ಘೋಟ್ನಾ.

"ಏನಾಯ್ತೇ? ತಳ ಹಿಡೀತಾ?"

"ತಳ ಹಿಡಿದಿದ್ರೆ ಒಳ್ಳೇದಿತ್ತು ಆಪಾ, ಹೊಸದಾಗಿ ಮಾಡ್ತಿದ್ದೆ. ಮಾಂಸ ಸೇರಿಸಿ ಆಯ್ತು, ಘೋಟಿಸಿ ಆಯ್ತು. ಈಗ ಉಪ್ಪು ಎಷ್ಟಿದೆ ಅಂತ ಯಾರನ್ನ ಕೇಳ್ಲಿ? ಬೆಳಗ್ಗೆಯಿಂದ ಕೆಲಸದ ಗಡಿಬಿಡೀಲಿ ಇವತ್ತು ನೋಡೋರೇ ಇಲ್ಲ ಅನ್ನೋದು ಮರ್ತೇಹೋಗಿತ್ತು. ಈಗ ಚಮಚ ತೊಳೆದು ಹಿಂದಕ್ಕೆ ಚಾಚಿದೆ, 'ತಗೊಳ್ಳಿ ಭಾಯ್' ಅಂತ."

ಅವಳು ಚಾಚಿದ್ದ ಜಾಗವನ್ನು ಇಬ್ಬರೂ ನೋಡಿದರು. ಅಲ್ಲಿ ತರಿಯನ್ ಕೂರುತ್ತಿದ್ದ ಪ್ಲಾಸ್ಟಿಕ್ ಸ್ಟೂಲು ಇತ್ತು.

"ನಾಲಿಗೆ ತುದಿಗೆ ತಾಗಿಸಿ ಉಗುಳಬಹುದು ಅಂತಾರಲ್ಲ ನಿಮ್ಮೋರು?"

"ಅಂತಾರೆ. ಅದು ನಾಲಿಗೆ ಹೇಳಿದ ಮಾತು ಕೇಳೋರಿಗೆ. ನನ್ನದು ಕೇಳಲ್ಲ. ಮದುವೆಯಾದ ವರ್ಷ ಹಾಗೇ ತಾಗಿಸ್ದೆ, ಗುಟುಕ್ ಅಂತ ಒಳಗೆ ಹೋಯ್ತು. ಅತ್ತೆ ಅದನ್ನ ಸಾಯೋವರೆಗೂ ಹೇಳಿದ್ರು."

"ಇರೋ ಹಾಗೇ ಕೊಟ್ಟುಬಿಡು. ಬೇಕಾದೋರು ಉಪ್ಪು ಹಾಕ್ಕೊಳ್ತಾರೆ."

ಬಿಲ್ಕೀಸ್ ತಲೆಯಾಡಿಸಿದಳು. "ನಾಲ್ಕೂವರೆಗೆ ಸನಯ್ಯಾದ ವ್ಯಾನು ಬರತ್ತೆ. ಆ ಹುಡುಗ್ರು ವರ್ಷಕ್ಕೊಂದು ಸಲ ಮನೆ ಊಟ ಉಣ್ಣೋರು, ಆಪಾ. ಬೇರೆ ದಿನವೆಲ್ಲ ಮೆಸ್ಸಿನ ಸಾರು. ಅವರ ಬಾಯಿಗೆ ಸಪ್ಪೆ ಹಾಕ್ಲಾ, ಉಪ್ಪುನೀರು ಹಾಕ್ಲಾ? ಅದೂ ಈ ವರ್ಷ? ತರಿಯನ್ ಭಾಯ್ ಹೋದ ಮೇಲೆ ಈ ಮನೆಯಿಂದ ಉಪ್ಪೇ ಹೋಯ್ತು ಅಂದ್ಕೊಳ್ಳಲ್ವಾ?"

ಸೋಸಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಸಣ್ಣ ಬಟ್ಟಲಿಗೆ ಹಲೀಮ್ ಹಾಕಿ, ಚಮಚ ಇಟ್ಟು, ಮೇಲೊಂದು ತಟ್ಟೆ ಮುಚ್ಚಿದಳು. "ಇಷ್ಟು ದೊಡ್ಡ ಕಟ್ಟಡ. ಒಂದು ನಾಲಿಗೆ ಸಿಗಲ್ವಾ? ಬರ್ತೀನಿ ಇರು."

ಎರಡನೆಯ ಮಹಡಿಯಲ್ಲಿ ಮರಿಟೆಸ್ ಇದ್ದಳು, ಫಿಲಿಪೈನ್ಸಿನವಳು, ಸೋಸಮ್ಮನ ಕ್ಲಿನಿಕ್ಕಿನವಳೇ. ರಾತ್ರಿ ಡ್ಯೂಟಿ ಮುಗಿಸಿ ಮಲಗಿದ್ದವಳು ಕೆದರಿದ ತಲೆಯಲ್ಲಿ ಬಾಗಿಲು ತೆರೆದು, ಬಟ್ಟಲಿಗೆ ಮೂಗು ತಂದು, ಕಣ್ಣು ಅರಳಿಸಿದಳು. ಚಮಚ ಎತ್ತಿದಳು. ಎತ್ತಿದ ಚಮಚವನ್ನು ಹಾಗೇ ಇಳಿಸಿದಳು.

"ಆಂಟೀ! ಇವತ್ತು ಶುಕ್ರವಾರ!"

"ಅಯ್ಯೋ, ಹೌದಲ್ಲೇ. ನಿಮ್ಮ ಪೈಕಿ ನೋಂಬಿನಲ್ಲಿ ಶುಕ್ರವಾರ ಮಾತ್ರ ಮಾಂಸ ಬಿಡ್ತೀರಿ."

"ನಾಳೆ ಬೆಳಗ್ಗೆ ಬನ್ನಿ ಆಂಟಿ. ಉಪ್ಪಲ್ಲ, ಪಾತ್ರೆ ತಳಾನೇ ನೋಡಿ ಹೇಳ್ತೀನಿ."

ಮೂರನೆಯ ಮಹಡಿಯ ಜ್ಯೋತ್ಸ್ನಾಬೆನ್ ಗುಜರಾತಿನ ಜೈನರವಳು. ಅವಳ ಬಾಗಿಲನ್ನು ತಾನೇಕೆ ತಟ್ಟಿದೆನೋ ಸೋಸಮ್ಮನಿಗೇ ತಿಳಿಯಲಿಲ್ಲ. ಕಾಲು ಮೆಟ್ಟಿಲು ಹತ್ತಿತ್ತು, ಕೈ ತಟ್ಟಿತ್ತು. ಮುಚ್ಚಿದ ತಟ್ಟೆ ಸರಿಸಿದ್ದೇ ಜ್ಯೋತ್ಸ್ನಾಬೆನ್ ಸೆರಗಿನಿಂದ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಸೋಸಮ್ಮಾಬೆನ್! ನಾನು ಆಲೂಗಡ್ಡೇನೇ ಮುಟ್ಟೋಳಲ್ಲ. ನೀವು ಕುರೀನೇ ಹೊತ್ತು ತಂದ್ರಲ್ಲ!"

"ತಪ್ಪಾಯ್ತು ತಾಯಿ, ತಲೆ ಓಡ್ಲಿಲ್ಲ."

"ಬೇಕಿದ್ರೆ ಹಪ್ಪಳ ಮಾಡ್ತಾ ಇದೀನಿ, ಅದರ ಉಪ್ಪು ನೀವು ನೋಡಿ ಹೇಳಿ. ನನಗೂ ಅನುಮಾನ ಇದೆ."

ಹಪ್ಪಳದ ಹಿಟ್ಟಿನ ಉಪ್ಪು ನೋಡಿ, ಸರಿಯಿದೆ ಎಂದು ಹೇಳಿ, ಸೋಸಮ್ಮ ಒಂದೇ ಉಸಿರಿಗೆ ಕೆಳಗಿಳಿದಳು. ಉಳಿದ ಮನೆಗಳವರೆಲ್ಲ ರೋಜಾ ಹಿಡಿದವರೇ, ಇಲ್ಲವೇ ರಜೆಯೆಂದು ಹೊರಗೆ ಹೋದವರು. ಕೆಳಗೆ ವಾಚ್‌ಮನ್ ನೂರುಲ್ ತನ್ನ ಕುರ್ಚಿಯಲ್ಲಿ ಟೋಪಿ ಕಣ್ಣಿನ ಮೇಲೆ ಎಳೆದುಕೊಂಡು ತೂಕಡಿಸುತ್ತಿದ್ದ. ಅವನೂ ರೋಜಾ ಹಿಡಿದವನೇ. ಆದರೂ ಕೆಮ್ಮೋ ಜ್ವರವೋ ಬಂದು ಇವತ್ತು ಬಿಟ್ಟಿದ್ದರೆ ಎಂದು ಒಂದು ದುರಾಸೆ.

"ನೂರುಲ್, ಹುಷಾರಾಗಿದ್ದೀಯಾ?"

"ದೇವರ ದಯೆ, ಕಲ್ಲುಗುಂಡಿನ ಹಾಗಿದೀನಿ ಅಮ್ಮಾ."

"ಛೇ," ಎಂದಳು ಸೋಸಮ್ಮ.

ನೂರುಲ್ ಟೋಪಿ ಸರಿಸಿ ಬಟ್ಟಲನ್ನೂ ಅವಳನ್ನೂ ನೋಡಿದ. "ರಂಜಾನಲ್ಲಿ ಸೈತಾನನ್ನ ಸರಪಳಿ ಹಾಕಿ ಕಟ್ಟಿರ್ತಾರೆ ಅಂತ ಕೇಳಿದ್ದೆ. ನೀವು ಬಿಚ್ಚಿಸ್ಕೊಂಡು ಬಂದ್ರಾ ಅಮ್ಮಾ?"

ಅಲ್ಲಿಗೆ ಸೋಸಮ್ಮನಿಗೆ ನಗು ಬಂತು. ಹೊಟ್ಟೆಯ ತಳದಿಂದ ಎದ್ದ ನಗು, ತಡೆದರೆ ಬಟ್ಟಲು ತುಳುಕೀತು ಅನ್ನುವಂಥದು. ನಗುತ್ತ ನಗುತ್ತ ಹಿಂದಕ್ಕೆ ಸರಿದು ಮೆಟ್ಟಿಲ ಮೇಲೆ ಕೂತಳು. ಕೂತ ಮೇಲೆ ತಿಳಿಯಿತು, ಯಾವ ಮೆಟ್ಟಿಲೆಂದು. ನಗು ನಿಂತಿತು. ಆದರೆ ಅವಳು ಕೂಡಲೇ ಏಳಲಿಲ್ಲ. ಮೆಟ್ಟಿಲು ತಣ್ಣಗಿತ್ತು. ಇಲ್ಲಿಂದ ನೋಡಿದರೆ ಬೀದಿ, ಅಂಗಡಿ, ಎದುರಿನ ಬೇವಿನ ಮರ ಕಾಣುತ್ತಿದ್ದವು. ಕೊನೆಯ ಬಾರಿ ನೋಡಲು ಕೆಟ್ಟ ಜಾಗವೇನಲ್ಲ ಎಂದುಕೊಂಡು ಗೋಡೆ ಹಿಡಿದು ಎದ್ದಳು.

ಮೇಲೆ ಬಂದಾಗ ಬಿಲ್ಕೀಸ್ ಕೇಳಲೂ ಇಲ್ಲ. ಮುಖ ನೋಡಿಯೇ ತಿಳಿದುಕೊಂಡಳು. ಒಲೆ ಸಣ್ಣಗೆ ಉರಿಯುತ್ತಿತ್ತು. ಗೋಡೆಯ ಗಡಿಯಾರ ಮೂರು ದಾಟಿತ್ತು.

ಸೋಸಮ್ಮ ಕೈಯಲ್ಲಿದ್ದ ಬಟ್ಟಲನ್ನು ನೋಡಿದಳು, ಬಿಲ್ಕೀಸಳನ್ನು ನೋಡಿದಳು. ತಾನು ಊರಿನಿಂದ ಒಬ್ಬಳೇ ಮರಳಿ ಬಂದಾಗ ಈ ಹೆಂಗಸು ತನ್ನ ಐದು ಹೊತ್ತಿನ ನಮಾಜಿನ ನಡುವೆ ಹದಿನೈದು ದಿನ ತನಗೆ ಗಂಜಿ ಕುಡಿಸಿದ್ದಳು. ಇವಳ ಉಪ್ಪು ತಿಂದು, ಇವಳ ಉಪ್ಪನ್ನು ನೋಡಲಾರೆ ಎನ್ನುವುದೇ? ಸ್ಟೂಲಿನ ಮೇಲೆ ಕೂತಳು. ಶಿಲುಬೆಯ ಗುರುತು ಮಾಡಿಕೊಂಡಳು. 'ಕರ್ತನೇ, ಅವರದು ಎರಡು, ನನ್ನದು ಒಂದು. ಮೂರನ್ನೂ ನನ್ನ ಲೆಕ್ಕಕ್ಕೇ ಬರೆದುಕೋ' ಎಂದು ಒಳಗೇ ಹೇಳಿ ಚಮಚವನ್ನು ಬಾಯಿಯ ಹತ್ತಿರ ತಂದಳು.

ಬಿಲ್ಕೀಸ್ ಅವಳ ಮಣಿಕಟ್ಟು ಹಿಡಿದಳು. ಹಿಡಿದ ರಭಸಕ್ಕೆ ಚಮಚದ ಹಲೀಮು ನೆಲಕ್ಕೆ ಬಿತ್ತು.

"ಏನು ಮಾಡ್ತೀರಿ ಆಪಾ! ನಿಮ್ಮ ನೋಂಬು!"

"ಇರಲಿ ಬಿಡೇ. ಅವರು ಮುರೀಲಿಲ್ವಾ? ನಾನೂ ಮುರಿದ್ರೆ ಇಬ್ಬರದೂ ಒಂದೇ ದಾರಿಯಾಯ್ತು."

"ಯಾರು ಮುರಿದ್ರು?"

"ಇನ್ನಾರು? ನಿನ್ನ ಭಾಯ್."

ಬಿಲ್ಕೀಸ್ ಮಣಿಕಟ್ಟು ಬಿಡಲಿಲ್ಲ. ತನ್ನಷ್ಟಕ್ಕೆ ಏನೋ ತೂಗಿ ನೋಡುವವಳಂತೆ ತುಟಿ ಕಚ್ಚಿಕೊಂಡಳು. ಆಮೇಲೆ ಹೇಳಿದಳು: "ಭಾಯ್ ಮುರೀಲಿಲ್ಲ ಆಪಾ. ನಿಮ್ಮ ನೋಂಬು ಕೂಡಿ ಬಂದ ವರ್ಷ, ಮಾಂಸ ಹಾಕಿದ ಮೇಲೆ ಅವರು ಚಮಚ ಮುಟ್ಟಿದೋರೇ ಅಲ್ಲ."

"ನನ್ನ ಕಣ್ಣಾರೆ ನೋಡಿದೀನಿ. ಬಟ್ಟಲು ಖಾಲಿ, ಮೀಸೆ ತುಂಬ ತುಪ್ಪ."

"ಬಟ್ಟಲಲ್ಲಿ ಇದ್ದಿದ್ದು ಗೋಧಿ. ಬರೀ ಗೋಧಿ, ಬೇಳೆ. ಮಾಂಸ ಬೇರೆ ಪಾತ್ರೇಲಿ ಬೇಯ್ತಿರತ್ತಲ್ಲ, ಅದನ್ನ ಸೇರಿಸೋ ಮುಂಚೆ, ತುಪ್ಪ ಬೀಳೋ ಮುಂಚೆ ಬಂದು ಕೂರೋರು. ಮೆಣಸಿನಕಾಯಿ ಕಚ್ಕೊಂಡು ಒಂದು ಬಟ್ಟಲು ತಿಂದು, ಉಪ್ಪು ನೋಡಿ ಹೇಳೋರು. ಆಮೇಲೆ ಮಾಂಸ ಸೇರಿಸಿ ಎರಡು ಗಂಟೆ ಅವರೇ ಘೋಟಿಸೋರು. ಬೆವರು ಸುರೀತಿತ್ತು. ಮೂಗಿನ ಕೆಳಗೇ ಘಮ ಘಮ ಅಂತಿತ್ತು. ನಾನೇ ಹೇಳ್ತಿದ್ದೆ, 'ಭಾಯ್, ನಿಮಗೆ ರೋಜಾ ಇಲ್ಲ, ಒಂದು ಚಮಚ ತಗೊಳ್ಳಿ' ಅಂತ. 'ನಂದೂ ಒಂದು ಇದೆ ಕಣಮ್ಮ' ಅನ್ನೋರು."

"ಮೀಸೆಯ ತುಪ್ಪ?"

ಬಿಲ್ಕೀಸಳಿಗೆ ಅಳುವಿನ ನಡುವೆ ನಗು ಬಂತು. "ಅದಾ? ನಿಮ್ಮ ಹೆಜ್ಜೆ ಸಪ್ಪಳ ಮೆಟ್ಟಿಲ ಮೇಲೆ ಕೇಳಿದ ಕೂಡ್ಲೇ ಬೆರಳು ತುಪ್ಪಕ್ಕೆ ಅದ್ದಿ ಮೀಸೆಗೆ ಸವರ್ಕೊಳ್ಳೋರು. ನೀವು ನಂಬಲಿ ಅಂತ."

ಸೋಸಮ್ಮ ಚಮಚವನ್ನು ಬಟ್ಟಲಿಗೆ ಇಳಿಸಿದಳು.

"'ಯಾಕೆ ಭಾಯ್ ಈ ಆಟ' ಅಂತ ಕೇಳ್ದೆ. 'ಬಿಲ್ಕೀಸ್, ಮೂವತ್ತೈದು ವರ್ಷದಿಂದ ಅವಳಿಗೆ ನನ್ನನ್ನ ಬೈದು ಅಭ್ಯಾಸ. ನಾನೂ ಭಕ್ತ ಅಂತ ಗೊತ್ತಾದ್ರೆ ಮರ್ಯಾದೆ ಕೊಡೋಕೆ ಶುರು ಮಾಡ್ತಾಳೆ. ಈ ವಯಸ್ಸಲ್ಲಿ ನನ್ನ ಕೈಲಿ ಅದು ತಡಕೊಳ್ಳೋಕಾಗಲ್ಲ' ಅಂದ್ರು. ಹೇಳಲ್ಲ ಅಂತ ನನ್ನ ಹತ್ರ ಮಾತು ತಗೊಂಡಿದ್ರು. ಇವತ್ತು ಮುರಿದೆ. ದೇವರು ಕ್ಷಮಿಸ್ಲಿ."

"ನೋಂಬು ಹಿಡಿದಾಗಿನಿಂದ..." ಎಂದಳು ಸೋಸಮ್ಮ. ಅವಳಿಗೆ ಮೊದಲು ಬಂದದ್ದು ಸಿಟ್ಟು. "ನೋಂಬು ಹಿಡಿದಾಗಿನಿಂದ ನಾನು ಆ ಮನುಷ್ಯನ ಪಾಪ ತೀರಿಸ್ತಾ ಇದೀನಿ! ಬೆಳಗ್ಗೆ ಒಂದು ಲೋಟ ಹಾಲು ಹಾಕಿದ ಚಹಾ ಕುಡಿದಿಲ್ಲ! ಮೊಣಕಾಲು ನೋಡು, ಹೇಗೆ ಊದಿದೆ, ಊರಿ ಊರಿ!"

"ಅಯ್ಯೋ ಆಪಾ, ನನಗೆ ಒಂದು ಮಾತು ಹೇಳಬಾರ್ದಿತ್ತಾ?"

"ನೀನು ಹೇಳಬಾರ್ದಿತ್ತಾ?"

ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತ ಅತ್ತರು. ಅಳು ಇನ್ನೂ ಸ್ವಲ್ಪ ಹೊತ್ತು ನಡೆಯುತ್ತಿತ್ತೋ ಏನೋ. ಆದರೆ ಪಾತ್ರೆಯಿಂದ ಸಣ್ಣಗೆ ಸೀದ ವಾಸನೆ ಬಂತು. ಬಿಲ್ಕೀಸ್ ಧಡಕ್ಕನೆ ಎದ್ದು ಘೋಟ್ನಾ ಹಾಕಿ ತಿರುವಿದಳು. ಸದ್ಯ, ತಳ ಪೂರ್ತಿ ಹಿಡಿದಿರಲಿಲ್ಲ. ಸೋಸಮ್ಮ ಕಣ್ಣೊರೆಸಿಕೊಂಡು ನೆಲಕ್ಕೆ ಬಿದ್ದದ್ದನ್ನು ಬಟ್ಟೆಯಿಂದ ಬಾಚಿ ತೆಗೆದಳು. ಹಾಗೆ ಬಗ್ಗಿದವಳು ಬಗ್ಗಿಕೊಂಡೇ ಕೇಳಿದಳು:

"ಗೋಧಿ ತಿಂದು ಏನು ಹೇಳ್ತಿದ್ರು?"

"ಯಾವಾಗ್ಲೂ ಒಂದೇ. 'ಇನ್ನೊಂದು ಹಿಡಿ' ಅನ್ನೋರು. ಡಬ್ಬಿಗೆ ಕೈ ಹಾಕಿ ಅವರೇ ಹಾಕೋರು."

"ಯಾವಾಗ್ಲೂ ಒಂದೇ ಹಿಡಿ? ನೀನು ಸರಿಯಾಗಿ ಹಾಕಿದ್ರೂ?"

"ನಾನೆಲ್ಲಿ ಸರಿಯಾಗಿ ಹಾಕ್ತಿದ್ದೆ? ಬೇಕು ಅಂತಲೇ ಒಂದು ಹಿಡಿ ಕಡಿಮೆ ಹಾಕ್ತಿದ್ದೆ. ಅವರಿಗೆ ಹೇಳೋಕೆ ಏನಾದ್ರೂ ಇರ್ಲಿ ಅಂತ. ಗಂಡಸ್ರು ಅಲ್ವಾ? ಸರಿಯಿದೆ ಅಂತ ಹೇಳಿ ಹೋಗೋಕೆ ಮನಸ್ಸು ಬರಲ್ಲ."

ಸೋಸಮ್ಮ ನೆಟ್ಟಗಾದಳು. "ಇವತ್ತು?"

ಬಿಲ್ಕೀಸಳ ಕೈ ನಿಂತಿತು. ಅವಳು ಉಪ್ಪಿನ ಡಬ್ಬಿಯನ್ನು ನೋಡಿದಳು, ತನ್ನ ಅಂಗೈಯನ್ನು ನೋಡಿದಳು. "ಬಿಟ್ಟಿದೀನಿ ಆಪಾ," ಎಂದಳು ಮೆಲ್ಲಗೆ. "ಯೋಚನೆ ಮಾಡಿ ಬಿಟ್ಟಿದ್ದಲ್ಲ. ಕೈ ತಾನಾಗೇ ಬಿಡ್ತು. ಅದು ಅವರ ಹಿಡಿ."

"ತಾ ಇತ್ತ ಡಬ್ಬಿ."

ಸೋಸಮ್ಮ ಡಬ್ಬಿಯೊಳಗೆ ಕೈ ಹಾಕಿ ಹಿಡಿ ತುಂಬಿದಳು. ತೆಗೆದು ಎಡಗೈಗೆ ಸುರಿದುಕೊಂಡು ನೋಡಿದಳು. ಚಿಕ್ಕದು. ಅವನ ಕೈ ಅವಳಿಗೆ ಗೊತ್ತು. ಮದುವೆಯ ದಿನ ಇಗರ್ಜಿಯಲ್ಲಿ ತಲೆ ಎತ್ತಿ ಮುಖ ನೋಡಲು ನಾಚಿಕೆಯಾಗಿ ಅವಳು ಮೊದಲು ನೋಡಿದ್ದೇ ಆ ಕೈಗಳನ್ನು. ಕೊರಳಿಗೆ ಮಿನ್ನಿನ ತಾಳಿ ಕಟ್ಟುವಾಗ, ಅಷ್ಟು ದಪ್ಪ ಬೆರಳುಗಳಿಗೆ ಅಷ್ಟು ಸಣ್ಣ ನೂಲಿನ ಗಂಟು ದಕ್ಕದೆ, ಹಿಂದೆ ನಿಂತ ನಾದಿನಿ ನಗುತ್ತ ನೆರವಿಗೆ ಬಂದಿದ್ದಳು. ಬೀದಿ ದಾಟುವಾಗಲೆಲ್ಲ ತನ್ನ ಕೈ ಆ ಕೈಯೊಳಗೆ ಹೋದರೆ ಉಗುರು ಕೂಡ ಹೊರಗೆ ಕಾಣುತ್ತಿರಲಿಲ್ಲ. ಅವಳು ಮೂರು ಬೆರಳಲ್ಲಿ ಇನ್ನಷ್ಟು ಉಪ್ಪು ತೆಗೆದು ಅಂಗೈಗೆ ಸೇರಿಸಿದಳು. ತೂಗಿ ನೋಡಿದಳು. ಮತ್ತೆ ಇಷ್ಟೇ ಇಷ್ಟು ಸೇರಿಸಿದಳು.

"ಜಾಸ್ತಿ ಆಯ್ತಾ ಆಪಾ?"

"ಇಲ್ಲ. ಇಷ್ಟೇ ಅದು."

ಉಪ್ಪು ಪಾತ್ರೆಗೆ ಬಿತ್ತು. ಬಿಲ್ಕೀಸ್ ಬಿಸಿನೀರು ಚಿಮುಕಿಸಿ ತಿರುವಿದಳು. ಕೈ ಸೋತಾಗ ಸೋಸಮ್ಮ ಘೋಟ್ನಾ ಹಿಡಿದಳು. ನಾಲ್ಕೂವರೆಗೆ ವ್ಯಾನು ಬಂತು. ಕರಿದ ಈರುಳ್ಳಿ, ಪುದೀನ, ನಿಂಬೆಹಣ್ಣು ಎಲ್ಲವನ್ನೂ ಬೇರೆಬೇರೆ ಕಟ್ಟಿ, ದೊಡ್ಡ ಪಾತ್ರೆಯನ್ನು ನೂರುಲ್ ಮತ್ತು ಡ್ರೈವರು ಇಳಿಸಿಕೊಂಡು ಹೋದರು. ಮನೆಮನೆಯ ಬಟ್ಟಲುಗಳನ್ನು ಸೋಸಮ್ಮ ಹಂಚಿದಳು. ಮರಿಟೆಸ್ ತನ್ನದನ್ನು ನಾಳೆಗೆಂದು ಫ್ರಿಜ್ಜಿನಲ್ಲಿಟ್ಟು ಅದರ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಜ್ಯೋತ್ಸ್ನಾಬೆನ್ ಬಟ್ಟಲು ಬೇಡವೆಂದು, ತಾನೇ ಹತ್ತು ಹಪ್ಪಳ ಕೊಟ್ಟಳು.

ಹೊತ್ತು ಮುಳುಗುವಾಗ ಎಲ್ಲರೂ ತಾರಸಿಯ ಮೇಲೆ ಚಾಪೆ ಹಾಸಿ ಕೂತರು. ದೂರದಲ್ಲಿ ಇಫ್ತಾರಿನ ತೋಪು ಹಾರಿತು. ಅದರ ಹಿಂದೆಯೇ ಸುತ್ತಲಿನ ಮಸೀದಿಗಳಿಂದ ಬಾಂಗು. ಗೌಸ್ ಭಾಯ್ ತಿಂಗಳಿಗೆ ನಾಲ್ಕು ಮಾತು ಆಡುವ ಮನುಷ್ಯ. ಖರ್ಜೂರ ತಿಂದರು, ನೀರು ಕುಡಿದರು, ನಮಾಜು ಮಾಡಿ ಬಂದು ಬಟ್ಟಲು ಎತ್ತಿಕೊಂಡರು. ಎರಡು ಹೆಂಗಸರೂ ತಮ್ಮ ಮುಂದಿನದನ್ನು ಮರೆತು ಅವರ ಬಾಯನ್ನೇ ನೋಡುತ್ತಿದ್ದರು. ಒಂದು ಚಮಚ ಹೋಯಿತು. ಗೌಸ್ ಭಾಯ್ ಏನೂ ಹೇಳಲಿಲ್ಲ. ಎರಡನೆಯದು ಹೋಯಿತು. ಆಮೇಲೆ ಚಮಚ ನಿಲ್ಲಲಿಲ್ಲ. ಬಟ್ಟಲು ಬರಿದಾದದ್ದೇ ಹೆಂಡತಿಯ ಮುಂದೆ ಹಿಡಿದರು.

"ಏನಾದ್ರೂ ಹೇಳ್ರೀ ಒಂದು ಸಲ!"

"ಬಾಯಿ ತುಂಬ ಇದೆ," ಎಂದರು ಗೌಸ್ ಭಾಯ್.

ಬಿಲ್ಕೀಸ್ ಆಗಷ್ಟೇ ತನ್ನ ಮೊದಲ ಚಮಚ ಬಾಯಿಗಿಟ್ಟಳು. ನುಂಗಿ, ಸೋಸಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟಳು. ಸೋಸಮ್ಮ ತನ್ನ ಗಂಜಿ, ಹೆಸರುಕಾಳು, ಹಪ್ಪಳ ಉಂಡಳು. ಗಂಜಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು. ಅದೂ ಅವಳಿಗೆ ಗೊತ್ತಾಗಲಿಲ್ಲ.

ಉಳಿದವರು ಮಾತಾಡುತ್ತ ಕೂತಿದ್ದಾಗ ಅವಳು ಕೆಳಗೆ ಬಂದು ತನ್ನ ಕೋಣೆಯಲ್ಲಿ ದೀಪ ಹಚ್ಚಿದಳು. ಶಿಲುಬೆಯ ಕೆಳಗೆ ತರಿಯನ್‌ನ ಪಟ. ಊದಿದ ಮೊಣಕಾಲು ಊರಿ, ಎಂದಿನ ಪ್ರಾರ್ಥನೆಗಳನ್ನು ಎಂದಿನ ಕ್ರಮದಲ್ಲಿ ಹೇಳುತ್ತ ಬಂದಳು. ಕೊನೆಯ ಸಾಲಿಗೆ ಬಂದಾಗ ನಿಂತಳು. ನೋಂಬು ಹಿಡಿದಂದಿನಿಂದ ದಿನ ತಪ್ಪದೆ ಆಡಿದ ಮಾತು, ನಾಲಿಗೆಯ ತುದಿಗೇ ಬಂದಿತ್ತು. ಅವಳು ಅದನ್ನು ಆಡಲಿಲ್ಲ. ಆಡದೆ ಉಳಿದ ಜಾಗದಲ್ಲಿ ಏನು ಹೇಳಬೇಕೆಂದು ಹೊಳೆಯದೆ ಪಟದ ಕಡೆ ನೋಡಿದಳು. ನೋಂಬಿನ ದಿನಗಳು ಇನ್ನೂ ಬಹಳ ಇದ್ದವು. ಅವು ಇನ್ನು ಯಾರ ಸಾಲವನ್ನೂ ತೀರಿಸಲಿಕ್ಕಲ್ಲ, ಬರಿಯ ನೋಂಬು. ಅವನೂ ಹಿಡಿದಿದ್ದನಲ್ಲ, ಅಂಥದೇ.

"ಮಹಾ ಕಳ್ಳರು ನೀವು," ಎಂದಳು ಪಟಕ್ಕೆ.

ದೀಪದ ಬೆಳಕು ಗಾಜಿನ ಮೇಲೆ ಬಿದ್ದು, ಅವನ ಮೀಸೆ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಸೋಸಮ್ಮ ಸೆರಗಿನ ತುದಿಯಿಂದ ಅದನ್ನು ಒರೆಸಿದಳು. ಆಮೇಲೆ ಆಮೆನ್ ಅಂದಳು.